ಎಲ್ಲರಿಗೂ ಒಂದೊಂದು ಮಾತ್ರೆ

ಅವನು ನಡೆಯುವುದನ್ನು ನಾನು ಬಹಳ ವರ್ಷ ನೋಡಿಯೇ ಇರಲಿಲ್ಲ. ಹಿರಿಯೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಖಾಸಗಿ ದವಾಖಾನೆಯಲ್ಲಿ ನಾನಾಗ ಕಾಂಪೌಂಡರ್. ಔಷಧಿ ಕೊಡುವ ಕಿಟಕಿಯಲ್ಲಿ ಸ್ವಲ್ಪ ಬಗ್ಗಿದರೆ ಧರ್ಮಪುರದ ಕಡೆಯಿಂದ ಬರುವ ರಸ್ತೆ ಕಾಣುತ್ತಿತ್ತು. ಆ ರಸ್ತೆಯಲ್ಲಿ ದೂರದಿಂದ ಒಂದು ಖಾಕಿ ಚೀಲ ಕುಣಿಯುತ್ತಾ ಬರುತ್ತಿದ್ದರೆ ಅದರ ಕೆಳಗೆ ಅವನಿದ್ದಾನೆ ಎಂದೇ ಅರ್ಥ. ಚೀಲದಲ್ಲಿ ಸರ್ಕಾರಿ ಟಪಾಲು. ಒಂದು ಕಚೇರಿಯಲ್ಲಿ ದಿನಗೂಲಿಯ ಮೇಲೆ ಟಪಾಲು ಸಾಗಿಸುವ ಕೆಲಸ ಅವನದು. ಒಂದು ದಿನ ಧರ್ಮಪುರಕ್ಕೆ ಹೋಗುವುದು, ಮರುದಿನ ವಾಪಸ್ಸು ಬರುವುದು. ಬಸ್ಸಿನಲ್ಲಿ ಹೋಗಿ ಬಾ ಎಂದೇ ಸಾಹೇಬರು ಹೇಳಿದ್ದರು. ಆದರೆ ಇಪ್ಪತ್ತು ಮೈಲಿ ಓಡಿದರೂ ಏನೂ ಆಗದ ಆ ಮನುಷ್ಯನಿಗೆ ಬಸ್ಸಿನಲ್ಲಿ ಕಾಲು ಗಂಟೆ ಕೂತರೆ ವಾಂತಿ ಬರುತ್ತಿತ್ತು.

ಧರ್ಮಪುರದ ಬಸ್ಸಿನ ಕಂಡಕ್ಟರ್‌ಗೂ ಅವನಿಗೂ ದಿನಾ ಮಾತಿನ ಜಗಳ. ಬಸ್ಸು ಅವನನ್ನು ಹಿಂದೆ ಹಾಕುವಾಗ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ಹತ್ತಲೇ, ನಮ್ಮ ಮಾನ ಕಳೀಬ್ಯಾಡ!" ಎಂದು ಕೂಗುತ್ತಿದ್ದ. ಇವನು ಓಡುತ್ತಲೇ, "ನೀವು ಹೋಗ್ರಿ. ಕೆಟ್ಟು ನಿಂತ್ರೆ ಹೇಳ್ರಿ, ನಾನೇ ಸುದ್ದಿ ತಗಂಡು ಹೋಗ್ತೀನಿ" ಅನ್ನುತ್ತಿದ್ದ. ಒಂದು ದಿನ ಹಾಗೆಯೇ ಆಯಿತು. ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು, ನಿಲ್ದಾಣಕ್ಕೆ ಸುದ್ದಿ ಮುಟ್ಟಿಸಿದವನು ಇವನೇ. ಆವತ್ತು ಅವನು ನಮ್ಮ ದವಾಖಾನೆಯ ಮೆಟ್ಟಿಲ ಮೇಲೆ ಕೂತು ನಕ್ಕದ್ದು ಈಗಲೂ ಕಣ್ಣಿಗೆ ಕಟ್ಟಿದೆ: ಹೊಟ್ಟೆ ಹಿಡಿದುಕೊಂಡು, ಶಬ್ದವೇ ಇಲ್ಲದೆ, ಕಣ್ಣಲ್ಲಿ ನೀರು ಬರುವ ತನಕ.

ಅವನ ಹೆಸರು ಬರೆಯುವುದಿಲ್ಲ. ಬದುಕಿರುವ ತನಕ ಅವನು ನನ್ನ ಹೆಸರನ್ನು ಯಾರ ಮುಂದೆಯೂ ಎತ್ತಲಿಲ್ಲ. ಈಗ ಅವನಿಲ್ಲವೆಂದು ನಾನು ಅವನ ಹೆಸರು ಎತ್ತುವುದು ಸರಿಯಾಗಿ ಕಾಣುವುದಿಲ್ಲ.

ಧರ್ಮಪುರದ ಆಚೆ, ಆಂಧ್ರದ ಗಡಿಗೆ ಹತ್ತಿರದ ಒಂದು ಹಳ್ಳಿ ಅವನದು. ಕುರಿ ಸಾಕುವ ಮನೆತನ, ಜೊತೆಗೆ ಒಂದಿಷ್ಟು ಶೇಂಗಾ ಬೆಳೆಯುವ ಹೊಲ. ಬೈಯುವುದಕ್ಕೆ ಮಾತ್ರ ತೆಲುಗು, ಉಳಿದದ್ದಕ್ಕೆಲ್ಲ ಕನ್ನಡ. ತಾಲ್ಲೂಕು ಕ್ರೀಡಾಕೂಟಕ್ಕೆ ಅವನ ಹೆಸರು ಕೊಟ್ಟವರು ಅವನ ಸಾಹೇಬರೇ. ನಾನೂ ನೋಡಲು ಹೋಗಿದ್ದೆ. ಮೈದಾನದ ಸುತ್ತ ಎಷ್ಟೋ ಸುತ್ತಿನ ಓಟ. ಇವನು ಎಲ್ಲರಿಗಿಂತ ಕೊನೆಯಲ್ಲಿ, ಯಾರದೋ ದನ ಮನೆಗೆ ಹೊಡೆದುಕೊಂಡು ಹೋಗುವವನ ಹಾಗೆ ನಿಧಾನವಾಗಿ ಬರುತ್ತಿದ್ದ. ಡ್ರಿಲ್ ಮೇಷ್ಟ್ರು ಕೂಗಿ ಕೂಗಿ ಸೋತರು. ಇನ್ನೆರಡು ಸುತ್ತು ಇರುವಾಗ ಒಬ್ಬೊಬ್ಬರನ್ನೇ ದಾಟಿ ಮೊದಲು ಬಂದ. ದಾಟುವಾಗಲೂ ತಿರುತಿರುಗಿ ಹಿಂದೆ ನೋಡುತ್ತಿದ್ದ.

"ಅಷ್ಟು ಹೊತ್ತು ಹಿಂದೆ ಯಾಕಿದ್ಯೋ ಮಾರಾಯ?" ಎಂದು ಮೇಷ್ಟ್ರು ಗದರಿದರು.

"ಮಂದೆ ಕಾಯೋನು ಮುಂದ್ ಹೋದ್ರೆ ಹೆಂಗ್ರಿ ಸಾ? ಹಿಂದಿದ್ರೆ ಎಲ್ಲಾ ಕಾಣ್ತವೆ. ಯಾವ್ದು ಕುಂಟ್ತೈತೆ, ಯಾವ್ದು ದಣಿದೈತೆ, ಎಲ್ಲಾ ಗೊತ್ತಾಗ್ತೈತೆ."

"ಮುಂದೆ ಬಂದ ಮೇಲೂ ಹಿಂದೆ ನೋಡ್ತೀಯಲ್ಲ? ಅದರಲ್ಲೇ ಎಷ್ಟು ಹೊತ್ತು ಹಾಳಾಗುತ್ತೆ ಗೊತ್ತಾ?"

"ಉಳಿದೋರು ಬತ್ತಾ ಅವ್ರೋ ಇಲ್ವೋ, ನೋಡ್ಬ್ಯಾಡ್ವಾ ಮತ್ತೆ?" ಎಂದ. ಮೇಷ್ಟ್ರು ಹಣೆ ಚಚ್ಚಿಕೊಂಡರು.

ನನಗೆ ಅವನು ಹತ್ತಿರವಾದದ್ದು ಅವನ ತಾಯಿಯ ದಮ್ಮಿನಿಂದ. ಹೊಗೆ ತುಂಬಿದ ಮನೆಯಲ್ಲಿ ಕೂತು ಜೀವಮಾನವೆಲ್ಲ ಉಣ್ಣೆ ನೂತ ಆ ತಾಯಿಯ ಎದೆ ಕಟ್ಟಿಹೋಗಿತ್ತು. ನಮ್ಮ ಡಾಕ್ಟರು ದಮ್ಮಿಗೆಂದು ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟಿದ್ದರು. ಒಮ್ಮೆ ಬರೆದರೆ ಆಯಿತು, ಆಮೇಲೆ ಪ್ರತಿ ಸಲವೂ ಚೀಟಿ ಕೇಳುವ ಕಾಲ ಅದಲ್ಲ. ತಿಂಗಳಿಗೊಮ್ಮೆ ಅವನು ಕಿಟಕಿಗೆ ಬರುತ್ತಿದ್ದ, ನಾನು ಪೊಟ್ಟಣ ಕಟ್ಟಿಕೊಡುತ್ತಿದ್ದೆ.

ದುರ್ಗದಲ್ಲಿ ಜಿಲ್ಲಾ ಕ್ರೀಡಾಕೂಟ ನಡೆದಾಗ ಅವನಿಗೆ ನೆಗಡಿ, ಮೂಗು ಕಟ್ಟಿತ್ತು. ಹೊರಡುವಾಗ ತಾಯಿಯೇ, "ನಂದೊಂದು ಮಾತ್ರೆ ನುಂಗಪ್ಪ, ಉಸಿರು ಸಲೀಸಾಗ್ತೈತೆ" ಎಂದು ಕೊಟ್ಟಳಂತೆ. ಆವತ್ತು ಅವನು ಎರಡನೆಯವನಿಗಿಂತ ಮುಕ್ಕಾಲು ಸುತ್ತು ಮುಂದೆ ಬಂದು ಗೆದ್ದ. ಪದಕ ಹಿಡಿದುಕೊಂಡು ನೇರ ನನ್ನ ಕಿಟಕಿಗೆ ಬಂದು ಮಾತ್ರೆಯ ವಿಷಯ ಹೇಳಿದ. "ಕಾಂಪೌಂಡ್ರೇ, ಕಾಲೇ ಗೊತ್ತಾಗ್ಲಿಲ್ಲ ಕಣ್ರಿ. ಯಾರೋ ಹಿಂದಿಂದ ತಳ್ದಂಗಾತು."

"ಹಂಗಾದ್ರೆ ಗೆದ್ದೋನು ನೀನಲ್ಲ ಬಿಡು, ನಮ್ಮ ಡಾಕ್ಟರು!" ಎಂದು ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ. ಪದಕವನ್ನು ಒಮ್ಮೆ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡ.

ಅಲ್ಲಿಂದ ಶುರುವಾಯಿತು. ಪ್ರತಿ ಓಟಕ್ಕೂ ಮುಂಚೆ ಅವನು ಬರುತ್ತಿದ್ದ, ತಾಯಿಯ ಪೊಟ್ಟಣದ ಜೊತೆ ಅವನಿಗೂ ಒಂದೆರಡು. ಬೇಡವೆನ್ನಲು ನನ್ನ ಬಾಯಿಗೇನಾಗಿತ್ತು? ನಿಜ ಹೇಳುತ್ತೇನೆ. ಗೆದ್ದ ಪದಕಗಳನ್ನೆಲ್ಲ ಅವನು ಮೊದಲು ತಂದು ತೋರಿಸುತ್ತಿದ್ದದ್ದು ನನಗೆ. ಸಾಲು ನಿಂತ ರೋಗಿಗಳೆದುರು ನಾನು ಅದನ್ನು ಎತ್ತಿ ಹಿಡಿದು "ನೋಡ್ರಿ, ನಮ್ಮ ಹುಡುಗ" ಅನ್ನುತ್ತಿದ್ದೆ. ಬಾಟಲಿ ತೊಳೆಯುವ ಕಾಂಪೌಂಡರ್‌ಗೆ ಬೇರೆ ಇನ್ನೇನಿತ್ತು ಹೇಳಿಕೊಳ್ಳಲು? ಬೆಂಗಳೂರಿನ ರಾಜ್ಯ ಕೂಟದಲ್ಲಿ ಎರಡನೆಯವನಾಗಿ ಬಂದಾಗ ಊರಿಗೆಲ್ಲ ಮಂಡಕ್ಕಿ ಹಂಚಿದವನೂ ನಾನೇ.

ಒಂದು ಮಧ್ಯಾಹ್ನ ಡಾಕ್ಟರು ಮಾತ್ರೆಯ ಡಬ್ಬಿ ನೋಡಿ, "ಏನಯ್ಯ, ಇದು ಇಷ್ಟು ಬೇಗ ಖಾಲಿ?" ಎಂದರು. ಅರ್ಧ ಹೆಮ್ಮೆಯಿಂದಲೇ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೊರದೇಶದಲ್ಲಿ ಇಂಥಾದ್ದು ನುಂಗಿ ಓಡಿದರೆ ಪದಕ ಕಿತ್ಕೋತಾರೆ. ಅದು ಮೋಸ. ಅದು ಹೋಗಲಿ, ಬಿಸಿಲಲ್ಲಿ ಓಡೋನ ಎದೆಗೆ ಇದು ಒಳ್ಳೇದಲ್ಲ ಕಣಯ್ಯ. ಗುಂಡಿಗೆ ಕೈಕೊಟ್ಟರೆ ಏನು ಮಾಡ್ತೀಯ? ಅವನಿಗೆ ಹೇಳು."

ನಾನು ಹೇಳಿದೆ. ಅರ್ಧ ಹೇಳಿದೆ. ಪದಕ ಕಿತ್ತುಕೊಳ್ಳುವ ಮಾತು ಹೇಳಿದೆ, ಏಕೆಂದರೆ ಹೊರದೇಶದ ಸುದ್ದಿ, ಹೇಳಲು ರುಚಿಯಾಗಿತ್ತು. ಎದೆಯ ಮಾತು ಹೇಳಲಿಲ್ಲ. ಹೇಳಿದರೆ, "ಇಷ್ಟು ದಿನ ಯಾಕೆ ಕೊಟ್ರಿ?" ಎಂದು ಕೇಳುತ್ತಾನಲ್ಲ ಎಂಬ ಅಳುಕು. ಕಬ್ಬಿಣದಂಥ ಮೈ ಅವನದು, ಅದಕ್ಕೇನಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಮೋಸಾನಾ?" ಎಂದ. ಮೂರು ಸಲ ಅದನ್ನೇ ಕೇಳಿದ. ಮುಂದಿನ ಓಟ ಹೊಸದುರ್ಗದಲ್ಲಿತ್ತು, ಮಾತ್ರೆ ಒಯ್ಯಲಿಲ್ಲ. ನಾಲ್ಕನೆಯವನಾಗಿ ಬಂದ. ಗೆದ್ದವನು ಮತ್ತೋಡಿನ ಕಡೆಯ ಒಬ್ಬ ರೈತರ ಹುಡುಗ, ಆಗ ತಾನೇ ಮದುವೆಯಾಗಿದ್ದ, ಮೀಸೆ ತಿರುವಿ ನಗುವ ಲವಲವಿಕೆಯ ಆಳು. ಹಿರಿಯೂರಿನಲ್ಲಿ ಇವನನ್ನು ಜನ ಸುಮ್ಮನೆ ಬಿಡಲಿಲ್ಲ. ಕಂಡಕ್ಟರ್ ಬಸ್ಸು ನಿಲ್ಲಿಸಿಯೇ ಕೇಳಿದ: "ಏನಪ್ಪ, ಕಾಲು ಗಿರಿವಿ ಇಟ್ಟು ಬಂದ್ಯಾ?"

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಒಂದೆರಡು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಹೊಳಲ್ಕೆರೆಯಿಂದ ದುರ್ಗದ ತನಕ ರಸ್ತೆ ಓಟ ಇಟ್ಟರು. ಮೊದಲು ಬಂದವನಿಗೆ ಬೆಂಗಳೂರಿನ ಒಂದು ಇಲಾಖೆಯಲ್ಲಿ ಕಾಯಂ ನೌಕರಿ ಸಿಗುತ್ತದೆ ಎಂದು ಸಾಹೇಬರು ಇವನಿಗೆ ಹೇಳಿದ್ದರು. ದಿನಗೂಲಿಯವನಿಗೆ ಅದು ಎಂಥ ಮಾತು! ತಾಯಿಯನ್ನು ಹೊಗೆಯ ಮನೆಯಿಂದ ಬಿಡಿಸಿ ಕರೆದುಕೊಂಡು ಹೋಗಬಹುದು ಎಂದು ಅವನು ನನ್ನ ಹತ್ತಿರ ಎಷ್ಟು ಸಲ ಹೇಳಿದನೋ.

ಓಟದ ಹಿಂದಿನ ದಿನ ಕಿಟಕಿಗೆ ಬಂದ. ಮುಖ ಗೆಲುವಾಗಿತ್ತು, ಏನೋ ಲೆಕ್ಕ ಬಗೆಹರಿದವನ ಹಾಗೆ.

"ಹನ್ನೊಂದು ಮಾತ್ರೆ ಕೊಡ್ರಿ."

"ಹನ್ನೊಂದು ಯಾಕಪ್ಪ?"

"ಹನ್ನೊಂದು ಜನ ಓಡ್ತೀವಲ್ರಿ. ಎಲ್ಲಾರಿಗೂ ಒಂದೊಂದು."

ನಾನು ಅವನ ಮುಖ ನೋಡಿದೆ. ಅವನು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. "ಒಂದು ಕುರಿಗೆ ಜಡ್ಡಾದ್ರೆ ಅದೊಂದಕ್ಕೇ ಔಷಧಿ ಹಾಕ್ತೀವಾ? ಮಂದೆಗೆಲ್ಲಾ ಕುಡಿಸ್ತೀವಿ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ರೆ ಕುರಿ ಯಜಮಾನ ಸುಮ್ಕಿರ್ತಾನಾ? ಇದೂ ಹಂಗೇ ಕಣ್ರಿ. ನಾನೊಬ್ನೇ ನುಂಗಿದ್ರೆ ಮೋಸ. ಎಲ್ಲಾರೂ ನುಂಗಿದ್ರೆ ಮೋಸ ಎಲ್ಲೈತೆ? ಆಮ್ಯಾಕೆ ಯಾರ ಕಾಲು ಗಟ್ಟಿ ಐತೋ ಅವನು ಗೆಲ್ಲಲಿ."

ನಾನು ನಕ್ಕೆ. ಪಕ್ಕದಲ್ಲಿ ಬ್ಯಾಂಡೇಜು ಸುತ್ತುತ್ತಿದ್ದವನಿಗೂ ಹೇಳಿ ನಗಿಸಿದೆ. "ಎಂಥಾ ತಲೆಯಪ್ಪ ನಿಂದು!" ಎಂದು, ನಗುತ್ತಲೇ ಹನ್ನೊಂದು ಮಾತ್ರೆ ಎಣಿಸಿ ಪೊಟ್ಟಣ ಕಟ್ಟಿಕೊಟ್ಟೆ. ಅವನು ನಿಜವಾಗಿ ಹಂಚುತ್ತಾನೆಂದು ನಾನು ನಂಬಿರಲಿಲ್ಲ. ಈ ಮಾತನ್ನು ನಾನು ಎಷ್ಟೋ ವರ್ಷ ನನ್ನ ಪರವಾಗಿ ವಾದಿಸಲು ಇಟ್ಟುಕೊಂಡಿದ್ದೆ. ಅದು ವಾದವಲ್ಲ. ಅವನು ಸುಳ್ಳು ಹೇಳುವವನಲ್ಲ ಎಂಬುದು ಹಿರಿಯೂರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಮರುದಿನ ಹೂವಿನ ಹಾರ ಹಿಡಿದುಕೊಂಡು ದುರ್ಗದಲ್ಲಿ ಓಟ ಮುಗಿಯುವ ಜಾಗದಲ್ಲಿ ನಿಂತಿದ್ದೆ. ಬೆಳಿಗ್ಗೆ ಆರಕ್ಕೆ ಬಿಡಬೇಕಾದ ಓಟವನ್ನು, ಹೊಳಲ್ಕೆರೆಗೆ ಅತಿಥಿಗಳು ಬರುವುದು ತಡವಾಗಿ ಒಂಬತ್ತಕ್ಕೆ ಬಿಟ್ಟರಂತೆ. ಬಂಡೆಗಳು ಕಾದು ಮುಖಕ್ಕೆ ಝಳ ಹೊಡೆಯುತ್ತಿತ್ತು. ಮೊದಲು ಬಂದವನು ಇವನಲ್ಲ. ಬಂದವನು ಓಟ ಮುಗಿದದ್ದೇ ತಿಳಿಯದೆ ಇನ್ನೂ ಓಡುತ್ತಿದ್ದ, ಇಬ್ಬರು ತಬ್ಬಿ ನಿಲ್ಲಿಸಬೇಕಾಯಿತು. ಎರಡನೆಯವನು ಹಲ್ಲು ಕಡಿಯುತ್ತಿದ್ದ. ಮೂರನೆಯವನು ಕೂತಲ್ಲೇ ವಾಂತಿ ಮಾಡಿಕೊಂಡ. ಕೈಗಳು ನಡುಗುತ್ತಿದ್ದವು, ಎಲ್ಲರ ಕಣ್ಣೂ ಅಗಲವಾಗಿದ್ದವು. ಜನ ಬಿಸಿಲಿಗೆ ಹೀಗಾಗಿದೆ ಎಂದುಕೊಂಡರು. ನನಗೆ ಮಾತ್ರ ತಿಳಿಯಿತು.

ಒಂಬತ್ತು ಜನ ಬಂದರು. ಇನ್ನಿಬ್ಬರು ಬರಲಿಲ್ಲ. ಬಹಳ ಹೊತ್ತಾದ ಮೇಲೆ ಒಂದು ಲಾರಿ ಬಂದು ನಿಂತಿತು. ಮೂಟೆಗಳ ಮೇಲೆ ಇವನು ಕೂತಿದ್ದ, ಇವನ ತೊಡೆಯ ಮೇಲೆ ಮತ್ತೋಡಿನ ಹುಡುಗ ಮಲಗಿದ್ದ, ತುಟಿ ನೀಲಿಯಾಗಿತ್ತು.

ನಡೆದದ್ದು ಇಷ್ಟು. ಹೊಳಲ್ಕೆರೆಯಲ್ಲಿ ಓಟ ತಡವಾದಾಗ ಇವನು ಎಲ್ಲರನ್ನೂ ಮರದ ನೆರಳಿಗೆ ಕರೆದು, "ದಮ್ಮು ಕಟ್ಟಲ್ಲ, ತಗಳ್ರಪ್ಪ" ಎಂದು ಒಂದೊಂದು ಮಾತ್ರೆ ಕೊಟ್ಟಿದ್ದಾನೆ. ಗ್ಲೂಕೋಸ್ ಎಂದುಕೊಂಡು ಕೆಲವರು, ರಾಜ್ಯ ಮಟ್ಟದ ಓಟಗಾರ ಕೊಟ್ಟನಲ್ಲ ಎಂಬ ಗೌರವಕ್ಕೆ ಕೆಲವರು, ಎಲ್ಲರೂ ನುಂಗಿದ್ದಾರೆ. ದುರ್ಗಕ್ಕೆ ಏಳೆಂಟು ಮೈಲಿ ಇರುವಾಗ ಇವನು ಎಲ್ಲರಿಗಿಂತ ಮುಂದಿದ್ದ. ವಾಡಿಕೆಯಂತೆ ಹಿಂದೆ ನೋಡಿದ. ಒಬ್ಬ ಕಾಣಲಿಲ್ಲ. ಇನ್ನೂ ಸ್ವಲ್ಪ ದೂರ ಹೋಗಿ ಮತ್ತೆ ನೋಡಿದ, ಆಗಲೂ ಕಾಣಲಿಲ್ಲ. ನಿಂತು, ತಿರುಗಿ, ಎದುರು ಬರುತ್ತಿದ್ದವರನ್ನೆಲ್ಲ ದಾಟಿ ಹಿಂದಕ್ಕೆ ಓಡಿದ. ಆ ಹುಡುಗ ರಸ್ತೆಯ ಪಕ್ಕದ ಹಳ್ಳದಲ್ಲಿ ಬಿದ್ದು ಒದ್ದಾಡುತ್ತಿದ್ದ. ಅವನನ್ನು ಹೆಗಲ ಮೇಲೆ ಹಾಕಿಕೊಂಡು, ಲಾರಿ ಸಿಗುವ ತನಕ, ಇವನು ಮತ್ತೆ ದುರ್ಗದ ಕಡೆಗೇ ಓಡಿದ್ದಾನೆ.

ಹುಡುಗ ಉಳಿದ. ಆದರೆ ಗುಂಡಿಗೆ ಕೆಟ್ಟಿತು. ಇನ್ನು ಓಡುವುದಿರಲಿ, ನೇಗಿಲು ಹಿಡಿಯುವುದೂ ಬೇಡ ಎಂದು ದೊಡ್ಡಾಸ್ಪತ್ರೆಯವರು ಹೇಳಿ ಕಳಿಸಿದರು.

ಅಧಿಕಾರಿಗಳು ವಿಚಾರಣೆ ನಡೆಸಿದರು. ಯಾರು ಕೊಟ್ಟದ್ದು ಎಂದರೆ, "ನಾನೇ" ಎಂದ. ಎಲ್ಲಿಂದ ತಂದೆ ಎಂದರೆ, "ಸಂತೇಲಿ ತಂದೆ" ಎಂದ. ಯಾರ ಹತ್ತಿರ ಎಂದರೆ, "ಮುಖ ಮರ್ತೈತೆ" ಎಂದ. ನನಗೆ ಗೊತ್ತಿದ್ದಂತೆ ಅವನು ಜೀವಮಾನದಲ್ಲಿ ಹೇಳಿದ ಸುಳ್ಳು ಅದೊಂದೇ. ಕೇಳಿದವರಿಗೆಲ್ಲ, ಈ ಹಿಂದಿನ ಪದಕಗಳೂ ಮಾತ್ರೆಯವೇ ಎಂದು ತಾನೇ ಮುಂದಾಗಿ ಒಪ್ಪಿಕೊಂಡ. ಪದಕಗಳನ್ನು ವಾಪಸ್ಸು ತೆಗೆದುಕೊಂಡರು, ಮುಂದೆ ಯಾವ ಕೂಟಕ್ಕೂ ಬರಬಾರದು ಎಂದರು, ಟಪಾಲಿನ ಕೆಲಸವೂ ಹೋಯಿತು. ಪತ್ರಿಕೆಯಲ್ಲಿ ಅವನ ಹೆಸರು ಮೊದಲ ಸಲ ಬಂದದ್ದು ಆ ಸುದ್ದಿಯಲ್ಲೇ.

ವಿಚಾರಣೆ ಮುಗಿದ ದಿನ ನಾವಿಬ್ಬರೂ ಚಂದ್ರವಳ್ಳಿಯ ಕೆರೆಯ ಹತ್ತಿರ ಕೂತಿದ್ದೆವು. ನಾನೇ ಕರೆದಿದ್ದೆ.

"ನಿಮ್ಮ ಹೆಸ್ರು ಹೇಳ್ಲಿಲ್ಲ, ಹೆದ್ರಬ್ಯಾಡ್ರಿ" ಎಂದ ಅವನೇ. "ನಿಮ್ಮನ್ನೂ ಕೆಲಸದಿಂದ ತೆಗೆದ್ರೆ ನಮ್ಮವ್ವುಂಗೆ ಮಾತ್ರೆ ಕೊಡೋರ್ಯಾರು?"

ಆಮೇಲೆ ಕೇಳಿದ: "ಅದು ಎದೆಗೆ ಆಗಲ್ಲಂತೆ ಕಣ್ರಿ. ದೊಡ್ಡಾಸ್ಪತ್ರೆ ಡಾಕ್ಟ್ರು ಅಂದ್ರು. ನಿಮಗೆ ಗೊತ್ತಿತ್ತೇನ್ರಿ?"

"ಇಲ್ಲಪ್ಪ" ಎಂದೆ.

"ಅದೇ ಮತ್ತೆ. ಗೊತ್ತಿದ್ರೆ ನೀವು ಕೊಡ್ತಿದ್ರಾ?" ಎಂದು ಎದ್ದ. "ಬಿಸಿಲೇರ್ತೈತೆ, ಹೋಗಾಣ ಬರ್ರಿ."

ಅವನು ನನ್ನನ್ನು ನಂಬಿದನೋ, ನಂಬಿದ ಹಾಗೆ ನಡೆದುಕೊಂಡನೋ ಇವತ್ತಿಗೂ ತಿಳಿಯದು. ಎರಡರಲ್ಲಿ ಯಾವುದೂ ನನಗೆ ಸಮಾಧಾನ ಕೊಡುವುದಿಲ್ಲ.

ಆಮೇಲೆ ತಾಯಿಯ ಮಾತ್ರೆಗೆ ಯಾರ್ಯಾರೋ ಬಂದರು, ಅವನು ಬರಲಿಲ್ಲ. ಅವನು ನಡೆಯುವುದನ್ನು ನಾನು ನೋಡಿದ್ದು ಎರಡು ವರ್ಷದ ನಂತರ. ಹಿರಿಯೂರಿನ ಹೊರಗೆ, ಕಂಬಳಿ ಹೆಗಲಿಗೆ ಹಾಕಿಕೊಂಡು, ಕುರಿಮಂದೆಯ ಹಿಂದೆ ಹೆಜ್ಜೆ ಹಾಕುತ್ತಿದ್ದ. ಬಸ್ಸು ಪಕ್ಕದಲ್ಲಿ ಹಾದುಹೋಯಿತು. ಕಂಡಕ್ಟರ್ ಬಾಗಿಲಲ್ಲೇ ಇದ್ದ, ಏನೂ ಕೂಗಲಿಲ್ಲ. "ಎಲ್ಲಿಗಪ್ಪ?" ಎಂದು ನಾನು ಕೇಳಿದೆ. "ಮತ್ತೋಡಿಗೆ" ಎಂದ.

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ರೈತರು ಕುರಿಯವರನ್ನು ಕರೆದು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ನಾಲ್ಕಾರು ರಾತ್ರಿ ಕುರಿ ತಂಗಿದರೆ ಹೊಲಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಅದಕ್ಕೆ ಪ್ರತಿಯಾಗಿ ಕುರಿಯವರಿಗೆ ರಾಗಿಯನ್ನೋ ಜೋಳವನ್ನೋ ಅಳೆದು ಕೊಡುವುದು ಪದ್ಧತಿ. ಇವನು ಆ ಹುಡುಗನ ಹೊಲಕ್ಕೆ ಯಾರೂ ಕರೆಯದೆ ಮಂದೆ ಹೊಡೆದುಕೊಂಡು ಹೋದ. ಮೊದಲ ವರ್ಷ ಹುಡುಗನ ಅಣ್ಣಂದಿರು ಬೈದು ಅಟ್ಟಿದರಂತೆ. ಇವನು ಊರ ಹೊರಗೆ ಎರಡು ದಿನ ಕಾದು ಮತ್ತೆ ಹೋದ. ಬರುಬರುತ್ತ ಅವರೂ ಸುಮ್ಮನಾದರು. ಪ್ರತಿ ವರ್ಷ ಹೋದ, ಕಾಳು ಮುಟ್ಟಲಿಲ್ಲ, ಊಟ ಕೊಟ್ಟರೆ ಮಾತ್ರ ಉಂಡ. ತಾಯಿ ತೀರಿಕೊಂಡ ವರ್ಷವೂ ತಪ್ಪಿಸಲಿಲ್ಲ.

ನಾನೇನು ಮಾಡಿದೆ? ದವಾಖಾನೆ ಬಿಟ್ಟು ಸ್ವಂತ ಔಷಧಿ ಅಂಗಡಿ ಇಟ್ಟೆ. ಮಕ್ಕಳ ಮದುವೆ ಮಾಡಿದೆ. ಊರಿನ ಸಂಘದವರು ಒಮ್ಮೆ ಶಾಲು ಹೊದಿಸಿ, ಬಡವರ ಬಂಧು ಎಂದೆಲ್ಲ ಹೊಗಳಿದರು. ಕತ್ತು ಬಗ್ಗಿಸಿ ಹೊದಿಸಿಕೊಂಡೆ.

ಅವನು ಸತ್ತ ಸುದ್ದಿ ಬಂದಾಗ ತಿಥಿಗೆ ಹೋದೆ. ಚಪ್ಪರದ ಕೆಳಗೆ ಜಮಖಾನೆಯ ಮೇಲೆ ನನ್ನ ಪಕ್ಕಕ್ಕೆ ಒಬ್ಬರು ವಯಸ್ಸಾದವರು, ಮಗನ ಕೈ ಹಿಡಿದು ಬಂದು ಕೂತರು. ಕೂತ ಮೇಲೂ ಬಹಳ ಹೊತ್ತು ಏದುಸಿರು ಬಿಡುತ್ತಿದ್ದರು. ನನ್ನದು ಹಿರಿಯೂರು ಎಂದು ಹೇಳಿ, ಅವರದು ಯಾವೂರು ಎಂದು ಕೇಳಿದೆ. "ಮತ್ತೋಡು ಕಡೇರು" ಎಂದರು.

ಅವರೇ ಮಾತಾಡಿದರು. "ಮೂವತ್ತು ವರ್ಷದ ಮ್ಯಾಲಾತು ನೋಡ್ರಿ, ನಮ್ಮ ಹೊಲಕ್ಕೆ ಮಂದೆ ತಂದ. ಮೊದ್ಲು ಕೊಂದು ಹಾಕಾಣ ಅನ್ನೋ ಸಿಟ್ಟಿತ್ತು ನನಗೆ. ಆಮ್ಯಾಕೆ ಆ ದಿನ ಬರೋದನ್ನೇ ಕಾಯಂಗಾತು. ಒಂದೇ ಒಂದು ಮಾತು ಮಾತ್ರ ಬಾಯಿ ಬಿಡ್ಲಿಲ್ಲ. ಆ ಮಾತ್ರೆ ಯಾರ್ ಕೊಟ್ರು ಅಂತ ವರ್ಷಾ ಕೇಳ್ತಿದ್ದೆ. ನಕ್ಕು ಸುಮ್ಕಾಗೋನು. ನೀವು ಹಿರಿಯೂರೋರು ಅಂತೀರಿ. ನಿಮಗೇನಾರ ಗೊತ್ತೈತಾ?"

ಇಲ್ಲ ಎನ್ನುವುದು ನನಗೆ ಸುಲಭವಿತ್ತು. ಆ ಮಾತು ಒಮ್ಮೆ ಅಭ್ಯಾಸವಾಗಿತ್ತಲ್ಲ.

"ನಾನೇ ಕೊಟ್ಟೋನು" ಎಂದೆ. "ಎದೆಗೆ ಆಗಲ್ಲ ಅಂತ ನನಗೆ ಗೊತ್ತಿತ್ತು. ಅವನಿಗೆ ಹೇಳಲಿಲ್ಲ. ಹೇಳಿದ್ದಿದ್ರೆ ಅವನು ನಿಮಗೆ ಕೊಡ್ತಿರಲಿಲ್ಲ."

ಅವರು ನನ್ನನ್ನು ನೋಡಿದರು. ಬೈಯಲಿ ಎಂದು ಕಾದೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಹಂಗಾರೆ ಇಷ್ಟು ವರ್ಷ ನಿಮ್ಮ ಪಾಲಿನ ಮಂದೇನೂ ಅವನೇ ಹೊಡ್ಕಂಬಂದ ಅನ್ರಿ" ಎಂದರು.

ಅಷ್ಟು ಹೇಳಿ ಮಗನ ಕೈ ಹಿಡಿದು ಎದ್ದರು. ಚಪ್ಪರದಿಂದ ಊಟದ ಪಂಕ್ತಿಗೆ ಹತ್ತು ಮಾರು ದೂರವೂ ಇರಲಿಲ್ಲ. ನಾಲ್ಕು ಹೆಜ್ಜೆ ಇಟ್ಟು, ನಿಂತು, ಉಸಿರು ತೆಗೆದುಕೊಂಡರು. ಮತ್ತೆ ನಾಲ್ಕು ಹೆಜ್ಜೆ ಇಟ್ಟು ನಿಂತರು. ಅವರು ಅಲ್ಲಿಗೆ ಮುಟ್ಟುವ ತನಕ ನಾನು ಕೂತಲ್ಲಿಂದ ಏಳಲಿಲ್ಲ.